ಜರ್ಮನಿಯ ಫಾಂಡ್ ಯಂತ್ರ: ಖಾಲಿ ಬಾಟಲಿ ಹಾಕುವ ಮುನ್ನ ಗೊತ್ತಿರಬೇಕಾದದ್ದು

ಜರ್ಮನಿಯಲ್ಲಿ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಯ ನೀರು ಕೊಂಡರೆ ಬಿಲ್ಲಿಗೆ 25 ಸೆಂಟ್ ಸೇರುತ್ತದೆ. ಅದೇ ಫಾಂಡ್, ಅಂದರೆ ಠೇವಣಿ. ಖಾಲಿ ಬಾಟಲಿಯನ್ನು ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಅಷ್ಟೂ ವಾಪಸ್. ಬಿಯರಿನ ಸಾಮಾನ್ಯ ಗಾಜಿನ ಬಾಟಲಿಗೆ 8 ಸೆಂಟ್. 20 ಬಾಟಲಿಯ ಕ್ರೇಟನ್ನು ಕೆಳಗಿನ ಬಾಯಿಗೆ ಹಾಗೇ ತಳ್ಳಿದರೆ 3.10 ಯೂರೋ ಸಿಗುತ್ತದೆ, ಅದರಲ್ಲಿ 1.50 ಬರೀ ಕ್ರೇಟಿನದು.

ಬಾಟಲಿಯ ತಳ ಮೊದಲು ಒಳಗೆ ಹೋಗಬೇಕು. ಯಂತ್ರ ಅದನ್ನು ತಿರುಗಿಸಿ ಬಾರ್‌ಕೋಡ್ ಮತ್ತು ಡಿಪಿಜಿ ಗುರುತನ್ನು, ಅಂದರೆ ಫಾಂಡ್ ಇದೆಯೆಂದು ಹೇಳುವ ಮುದ್ರೆಯನ್ನು, ಓದುತ್ತದೆ. ಲೇಬಲ್ ಕಿತ್ತಿದ್ದರೆ, ಒಳಗೆ ನೀರು ಉಳಿದಿದ್ದರೆ, ಕ್ಯಾನ್ ನಜ್ಜುಗುಜ್ಜಾಗಿದ್ದರೆ ಹಿಂದಕ್ಕೆ ತಳ್ಳುತ್ತದೆ. ನಜ್ಜಾದದ್ದರ ಮೇಲೆ ಗುರುತು ಓದುವಂತಿದ್ದರೆ ಕೌಂಟರಿನಲ್ಲಿ ತೆಗೆದುಕೊಳ್ಳಲೇಬೇಕು, ಕೇಳಿ. 2024ರ ಜನವರಿಯಿಂದ ಹಾಲಿನ ಪ್ಲಾಸ್ಟಿಕ್ ಬಾಟಲಿಗೂ ಫಾಂಡ್ ಇದೆ. ಅದನ್ನು ತೊಳೆದೇ ಇಡಿ, ಎರಡೇ ದಿನಕ್ಕೆ ನಾರುತ್ತದೆ. ಕೊನೆಗೆ ಗುಂಡಿ ಒತ್ತಿ ಚೀಟಿ ಪಡೆದು, ಅವತ್ತೇ ಕ್ಯಾಶ್ ಕೌಂಟರಿನಲ್ಲಿ ಕೊಟ್ಟುಬಿಡಿ. ಥರ್ಮಲ್ ಕಾಗದದ ಅಕ್ಷರ ಮಾಸುತ್ತದೆ.

ಈ ವ್ಯವಸ್ಥೆಯ ನಿಜವಾದ ಬಲ ಇರುವುದು ಯಂತ್ರದಲ್ಲಲ್ಲ, ಯಾವ ಅಂಗಡಿಗಾದರೂ ಕೊಡಬಹುದು ಎಂಬ ನಿಯಮದಲ್ಲಿ. 2003ರಲ್ಲಿ ಕಾನೂನು ಬಂದಾಗ ಕೆಲವು ಸರಣಿ ಅಂಗಡಿಗಳು ತಮ್ಮದೇ ಆಕಾರದ ಬಾಟಲಿ ಮಾಡಿಸಿ, ಬೇರೆಯವರದ್ದನ್ನು ನಿರಾಕರಿಸಿದವು. ಗಿರಾಕಿಗಳು ಬಾಟಲಿ ಹೊತ್ತು ಅಲೆಯಬೇಕಾಯಿತು. ಆ ಲೋಪ ಮುಚ್ಚಿದ್ದು 2006ರ ಮೇ ತಿಂಗಳಲ್ಲಿ. ಈಗ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ ಮಾರುವ ಅಂಗಡಿ ಯಾವ ಬ್ರ್ಯಾಂಡಿನ ಅಂಥ ಫಾಂಡ್ ಬಾಟಲಿಯನ್ನಾದರೂ ತೆಗೆದುಕೊಳ್ಳಬೇಕು. 200 ಚದರ ಮೀಟರಿಗಿಂತ ಚಿಕ್ಕ ಅಂಗಡಿಗೆ ಮಾತ್ರ ತಾನು ಮಾರುವ ಬ್ರ್ಯಾಂಡಷ್ಟೇ ಸಾಕು. ಆ ವಿನಾಯಿತಿ ನ್ಯಾಯವಾದದ್ದೇ, ಅಷ್ಟು ಜಾಗ ಅವರಿಗೆಲ್ಲಿದೆ?

ಹೊಸದಾಗಿ ಠೇವಣಿ ತರುವವರು ಎಡವುವುದೂ ಇಂಥ ಕಡೆಯೇ: ಯಾವುದನ್ನು ಸೇರಿಸಬೇಕು, ವಾಪಸ್ ತೆಗೆದುಕೊಳ್ಳುವ ಕೆಲಸ ಯಾರದು. ಸ್ಕಾಟ್ಲೆಂಡಿನ ಯೋಜನೆ ಗಾಜನ್ನು ಸೇರಿಸಬೇಕೇ ಬೇಡವೇ ಎಂಬ ಜಗಳದಲ್ಲಿ 2023ರಲ್ಲಿ ಮುಂದಕ್ಕೆ ಹೋಯಿತು. ನಮ್ಮ ಪಕ್ಕದ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಠೇವಣಿ ಇದೆ. ಅಲ್ಲಿ ಖಾಲಿ ಬಾಟಲಿ ಎಣಿಸಿ ಜೋಡಿಸಿಡುವ ಕೆಲಸ ಅಂಗಡಿಯ ಸಿಬ್ಬಂದಿಯದೇ.

ಒಂದು ಎಚ್ಚರಿಕೆ. ಯುರೋಪಿಯನ್ ಒಕ್ಕೂಟ 2029ರ ಹೊತ್ತಿಗೆ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗಳ ಶೇಕಡ 90ರಷ್ಟನ್ನು ಬೇರೆಯಾಗಿ ಸಂಗ್ರಹಿಸಬೇಕೆಂದಿದೆ, ಆದರೆ ಠೇವಣಿ ಮಾತ್ರ ಗಡಿ ದಾಟುವುದಿಲ್ಲ. 2025ರ ಅಕ್ಟೋಬರಿನಿಂದ ಪೋಲೆಂಡಿನಲ್ಲೂ ಠೇವಣಿ ಶುರುವಾಗಿದೆ. ಅಲ್ಲಿ ಕೊಂಡ ಬಾಟಲಿಯನ್ನು ಅಲ್ಲೇ ಕೊಟ್ಟು ಬನ್ನಿ, ಬರ್ಲಿನ್ನಿನ ಯಂತ್ರ ಅದಕ್ಕೆ ಒಂದು ಸೆಂಟೂ ಕೊಡದು.