ಮಾರುಕಟ್ಟೆಯ ವೆಬ್‌ಸೈಟಿಗೆ ಹೊಸ ರೂಪ: ವರ್ಡ್‌ಪ್ರೆಸ್ ಜೊತೆ ಮೂರು ವರ್ಷ

ನಮ್ಮ ಮಾರುಕಟ್ಟೆಯ ಹಳೆಯ ವೆಬ್‌ಸೈಟ್ ತೆರೆದರೆ ಮೊದಲು ಕಾಣುತ್ತಿದ್ದುದು ತಾವಾಗಿಯೇ ಸರಿಯುವ ಐದು ದೊಡ್ಡ ಚಿತ್ರಗಳು. ಮೂರನೆಯ ಚಿತ್ರದಲ್ಲಿದ್ದ ಅಂಗಡಿ ಮುಚ್ಚಿ ಆಗಲೇ ಎರಡು ವರ್ಷವಾಗಿತ್ತು. ಹೊಸದು ಮಾಡಬೇಕೆಂದು ವರ್ತಕರ ಸಂಘದಲ್ಲಿ ಮಾತು ಬಂದಾಗ, ಕಂಪ್ಯೂಟರ್ ಬಲ್ಲವನು ಎಂಬ ಒಂದೇ ಕಾರಣಕ್ಕೆ ಹೊಣೆ ನನ್ನ ಹೆಗಲೇರಿತು. ವೆಬ್‌ಸೈಟ್ ಕಟ್ಟಿ ನಡೆಸಲು ನೆರವಾಗುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನು ನಾನು ಆರಿಸಿಕೊಂಡೆ. ಈ ವಿಮರ್ಶೆಯನ್ನು ಮೊದಲ ತಿಂಗಳಲ್ಲೇ ಬರೆದಿದ್ದರೆ ಬರೀ ಹೊಗಳಿಕೆಯಾಗುತ್ತಿತ್ತು.

ಆಯ್ಕೆಗೆ ದೊಡ್ಡ ಲೆಕ್ಕಾಚಾರವೇನೂ ಇರಲಿಲ್ಲ. 2003ರಿಂದ ಬಳಕೆಯಲ್ಲಿರುವ, ಉಚಿತವಾದ ಮುಕ್ತ ತಂತ್ರಾಂಶ. ನಾಳೆ ನಾನು ಬಿಟ್ಟರೂ ಅದನ್ನು ಬಲ್ಲ ಇನ್ನೊಬ್ಬರು ಸಿಗುತ್ತಾರೆ ಎಂಬ ಧೈರ್ಯ ಮುಖ್ಯವಾಗಿತ್ತು.

ವಿನ್ಯಾಸಕ್ಕೆ ಕೈ ಹಾಕುವ ಮೊದಲು ಮೂರು ಸಂಜೆ ಮುಖ್ಯ ಬಾಗಿಲ ಕಾವಲುಗಾರರ ಪಕ್ಕದಲ್ಲಿ ಕುಳಿತು, ಜನ ಅವರನ್ನು ಏನು ಕೇಳುತ್ತಾರೆ ಎಂದು ಬರೆದುಕೊಂಡೆ. ಇಡೀ ಕೆಲಸದಲ್ಲಿ ನಾನು ಮಾಡಿದ ಜಾಣತನ ಇದೊಂದೇ ಇರಬೇಕು. ಮಾರುಕಟ್ಟೆಯ ಇತಿಹಾಸವನ್ನು ಒಬ್ಬರೂ ಕೇಳಲಿಲ್ಲ. ನಾಳೆ ರಜೆಯೇ? ಕೀಲಿ ಮಾಡುವವರು ಯಾವ ಸಾಲಿನಲ್ಲಿ? ಗಡಿಯಾರ ರಿಪೇರಿಯವರು ಬಂದಿದ್ದಾರೆಯೇ? ಎಷ್ಟು ಹೊತ್ತಿನವರೆಗೆ ತೆರೆದಿರುತ್ತೀರಿ? ಮುಖಪುಟ ಅಲ್ಲಿಯೇ ಸಿದ್ಧವಾಯಿತು: ಮೇಲೆ ಇಂದಿನ ಸ್ಥಿತಿ, ಕೆಳಗೆ ಹುಡುಕುವ ಪೆಟ್ಟಿಗೆ, ಅದರ ಕೆಳಗೆ ಸಾಲುವಾರು ಪಟ್ಟಿ. ಸಂಘದ ಹಿರಿಯರು ಒತ್ತಾಯಿಸಿದ್ದರಿಂದ ಇತಿಹಾಸಕ್ಕೂ ಒಂದು ಪುಟ ಇದೆ. ಅದನ್ನು ಓದುವವರು ಹೆಚ್ಚಾಗಿ ಅವರೇ.

ವರ್ಡ್‌ಪ್ರೆಸ್ ನಿಜವಾಗಿ ನೆರವಾದದ್ದು ಇಲ್ಲಿ. ಸಾಮಾನ್ಯ ಬರಹ, ಪುಟಗಳಲ್ಲದೆ ನಮ್ಮದೇ ಬಗೆಯ ದಾಖಲೆಗಳನ್ನು ಮಾಡಿಕೊಳ್ಳುವ ಸೌಲಭ್ಯ ಅದರಲ್ಲಿದೆ. ‘ಮಳಿಗೆ’ ಎಂಬ ಬಗೆಯೊಂದನ್ನು ಮಾಡಿ ಸಾಲು, ಸಂಖ್ಯೆ, ಹತ್ತಿರದ ಬಾಗಿಲು, ಫೋನ್, ವಾರದ ರಜೆ ಎಂಬ ಕೋಶಗಳನ್ನು ಇಟ್ಟೆ. ಆದರೆ ಒಂದು ಎಡವಟ್ಟಾಯಿತು. ವರ್ಡ್‌ಪ್ರೆಸ್‌ನ ಮೂಲ ಹುಡುಕಾಟ ಶೀರ್ಷಿಕೆ, ಸಾರಾಂಶ ಮತ್ತು ಮುಖ್ಯ ಬರಹವನ್ನಷ್ಟೇ ನೋಡುತ್ತದೆ, ಇಂತಹ ಕೋಶಗಳ ಒಳಗೆ ಇಣುಕುವುದಿಲ್ಲ. ಅಂಗಡಿಯ ಫಲಕದಲ್ಲಿ ‘ಎಂಜಿನಿಯರಿಂಗ್ ವರ್ಕ್ಸ್’ ಎಂದಿರುತ್ತದೆ, ಜನ ಹುಡುಕುವುದು ‘ಮಿಕ್ಸಿ ರಿಪೇರಿ’. ಹೀಗಾಗಿ ಪ್ರತಿ ಮಳಿಗೆಯ ಬರಹದಲ್ಲೂ ಗಿರಾಕಿಗಳು ಆಡುವ ಮಾತನ್ನೇ ಎರಡು ಸಾಲು ಸೇರಿಸುತ್ತ ಹೋದೆ. ಬೇಸರದ ಕೆಲಸ ನಿಜ, ಆದರೆ ಯಾವ ಬಣ್ಣ, ಯಾವ ಅಕ್ಷರವಿನ್ಯಾಸವೂ ಅಷ್ಟು ಪ್ರಯೋಜನ ಕೊಡಲಿಲ್ಲ.

ವರ್ತಕರೇ ತಮ್ಮ ಪುಟ ತಿದ್ದಿಕೊಳ್ಳಲಿ ಎಂಬುದು ನನ್ನ ಕನಸಾಗಿತ್ತು. ಎಲ್ಲರಿಗೂ ‘ಕಾಂಟ್ರಿಬ್ಯೂಟರ್’ ಎಂಬ ಕಡಿಮೆ ಅಧಿಕಾರದ ಖಾತೆ ಕೊಟ್ಟೆ. ಆ ಖಾತೆಯಿಂದ ಚಿತ್ರ ಏರಿಸಲು ಆಗುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಮೊದಲ ದಿನವೇ ಹನ್ನೊಂದು ಜನ ಫೋನ್ ಮಾಡಿದಾಗ. ಚಿತ್ರವನ್ನೂ ಏರಿಸಬಲ್ಲ ‘ಆಥರ್’ ಖಾತೆಗೆ ಬದಲಾಯಿಸಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಗುಪ್ತಪದ ನೆನಪಿಟ್ಟುಕೊಂಡವರು ಇಬ್ಬರು. ವ್ಯಾಪಾರದ ಹೊತ್ತಿನಲ್ಲಿ ಲಾಗಿನ್ ಆಗಿ ಕೂರಲು ಯಾರಿಗೆ ಪುರಸೊತ್ತು? ಈಗ ಅವರು ಮೊಬೈಲಿನಲ್ಲಿ ಧ್ವನಿಸಂದೇಶ ಕಳಿಸುತ್ತಾರೆ, ನಾನು ಶನಿವಾರ ರಾತ್ರಿ ಕುಳಿತು ತಿದ್ದುತ್ತೇನೆ. ಮೂರು ವರ್ಷಗಳಲ್ಲಿ ಉಳಿದ ಏರ್ಪಾಡು ಇದೇ. ಪ್ರತಿ ಪುಟದ ಕೆಳಗೆ ‘ಕೊನೆಯ ಬಾರಿ ಪರಿಶೀಲಿಸಿದ್ದು’ ಎಂದು ದಿನಾಂಕ ಹಾಕಲು ಶುರು ಮಾಡಿದ ಮೇಲೆ ವರ್ತಕರೇ ಸಂಕೋಚಪಟ್ಟು ಸುದ್ದಿ ಕಳಿಸುವುದು ಹೆಚ್ಚಾಯಿತು.

ಚಿತ್ರಗಳದ್ದು ಬೇರೆಯೇ ಕಥೆ. ಮೊಬೈಲಿನಲ್ಲಿ ತೆಗೆದ ದೊಡ್ಡ ಚಿತ್ರ ಏರಿಸಿದರೆ ವರ್ಡ್‌ಪ್ರೆಸ್ ಅದನ್ನು 2560 ಪಿಕ್ಸೆಲ್‌ಗೆ ಇಳಿಸಿ, ಜೊತೆಗೆ ಹಲವು ಚಿಕ್ಕ ಅಳತೆಗಳನ್ನೂ ಮಾಡಿಡುತ್ತದೆ. ನೋಡುವವರಿಗೆ ಪುಟ ಬೇಗ ತೆರೆಯುತ್ತದೆ. ಆದರೆ ಮೂಲಚಿತ್ರವನ್ನೂ ಅದು ಸರ್ವರಿನಲ್ಲೇ ಇಟ್ಟುಕೊಂಡಿರುತ್ತದೆ. ಎರಡನೆಯ ವರ್ಷ ಜಾಗ ತುಂಬಿ, ಒಂದು ಬೆಳಿಗ್ಗೆ ರಜೆಯ ಸೂಚನೆ ಹಾಕಲೂ ಆಗದೆ ಪರದಾಡಿದೆ. ಈಗ ಕುಗ್ಗಿಸಿದ ಮೇಲೆಯೇ ಏರಿಸುತ್ತೇನೆ.

ಆನ್‌ಲೈನ್ ಮಾರಾಟದ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿದ್ದೂ ಉಂಟು. ಮಧ್ಯಾಹ್ನ ಇದ್ದ ಸರಕು ಸಂಜೆಗೆ ಇರುವುದಿಲ್ಲ, ಅದನ್ನು ಪರದೆಯ ಮೇಲೆ ತಿದ್ದುವವರಿಲ್ಲ. ಆರನೆಯ ವಾರ ತೆಗೆದುಹಾಕಿದೆ. ಫೋನ್ ಸಂಖ್ಯೆಯ ಗುಂಡಿ ಅದಕ್ಕಿಂತ ಹೆಚ್ಚು ವ್ಯಾಪಾರ ತಂದಿತು.

ನನ್ನಿಂದಾದ ದೊಡ್ಡ ತಪ್ಪು ಹಳೆಯ ವಿಳಾಸಗಳನ್ನು ಮರೆತದ್ದು. ವರ್ಡ್‌ಪ್ರೆಸ್ ಒಳಗಿನ ಬರಹದ ವಿಳಾಸ ಬದಲಿಸಿದರೆ ಅದು ತಾನೇ ಹಳೆಯದರಿಂದ ಹೊಸದಕ್ಕೆ ದಾರಿ ತೋರಿಸುತ್ತದೆ. ನಮ್ಮ ಹಿಂದಿನ ಸೈಟ್ ಬೇರೆ ವ್ಯವಸ್ಥೆಯಲ್ಲಿ ಇದ್ದುದರಿಂದ ಆ ಪುಟಗಳಿಗೆಲ್ಲ 301 ಮರುನಿರ್ದೇಶನವನ್ನು, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಸೂಚನೆಯನ್ನು, ನಾನೇ ಬರೆಯಬೇಕಿತ್ತು. ಬರೆಯಲಿಲ್ಲ. ಹುಡುಕಿ ಬಂದವರಿಗೆ ತಿಂಗಳುಗಟ್ಟಲೆ ‘ಪುಟ ಸಿಗಲಿಲ್ಲ’ ಎಂಬ ಉತ್ತರವೇ ಸಿಕ್ಕಿತು. ಹೊಸ ರೂಪ ಕೊಡಲು ಹೊರಟವರು ಹಳೆಯ ವಿಳಾಸಗಳ ಪಟ್ಟಿಯನ್ನು ಮೊದಲು ತೆಗೆದಿಟ್ಟುಕೊಳ್ಳಿ, ಬಣ್ಣದ ಚರ್ಚೆ ಆಮೇಲೆ.

ಹದಿನೇಳು ಪ್ಲಗಿನ್‌ಗಳಿಂದ ಆರಂಭಿಸಿ ಐದಕ್ಕೆ ಇಳಿದಿದ್ದೇನೆ. ಒಮ್ಮೆ ಒಂದು ಪ್ಲಗಿನ್‌ನ ನವೀಕರಣದಿಂದ ಇಡೀ ಸೈಟ್ ಬಿಳಿ ಪರದೆಯಾಗಿ ಅರ್ಧ ದಿನ ನಿಂತಿತ್ತು. ಅಂದಿನಿಂದ ಪ್ರತಿ ಬಾರಿ ಪೂರ್ತಿ ನಕಲು ತೆಗೆದಿಟ್ಟ ಮೇಲೆಯೇ ನವೀಕರಿಸುತ್ತೇನೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಮಾರುಕಟ್ಟೆಯಲ್ಲಿ ಐವತ್ತು ಮಳಿಗೆಗಳಿದ್ದು, ವಾರಕ್ಕೆ ಎರಡು ಗಂಟೆ ಕೊಡಬಲ್ಲ ಒಬ್ಬರು ಇದ್ದರೆ ಧೈರ್ಯವಾಗಿ ಆರಿಸಿಕೊಳ್ಳಿ. ಅಂಥವರು ಇಲ್ಲದಿದ್ದರೆ ಇದೆಲ್ಲ ಬೇಡ. ವೇಳೆ, ರಜೆ, ವಿಳಾಸ, ಫೋನ್ ಇರುವ ಒಂದೇ ಪುಟ ಮಾಡಿ ಹಾಕಿ.