ಟಿಕ್ ಹಾಕಿ ಮರೆತ ಒಂದು ಚೌಕ: ಐಆರ್‌ಸಿಗೆ ಹೆಕ್ಸ್‌ಚಾಟಾ, ವೀಚಾಟಾ?

ಐಆರ್‌ಸಿ ಅಂದರೆ ಚಾನೆಲ್‌ಗಳಲ್ಲಿ ಗುಂಪಾಗಿ ಅಕ್ಷರದಲ್ಲೇ ಹರಟುವ ಹಳೆಯ ಇಂಟರ್ನೆಟ್ ವ್ಯವಸ್ಥೆ. ಹೆಕ್ಸ್‌ಚಾಟ್, ವೀಚಾಟ್ (WeeChat, ಚೀನಾದ WeChat ಅಲ್ಲ) ಎರಡೂ ಅದಕ್ಕೆ ಸೇರಲು ಬಳಸುವ ಸಾಫ್ಟ್‌ವೇರ್. ಮೊದಲೇ ಹೇಳಿಬಿಡುತ್ತೇನೆ, ನಾನೀಗ ವೀಚಾಟ್ ಕಡೆಯವನು. ಅದು ನೋಡಲು ಚೆನ್ನಾಗಿದೆ ಅಂತಲ್ಲ. ಎರಡು ವರ್ಷ ನಾನು ಬಾಗಿಲು ಮುಚ್ಚದೆ ಬರೀ ಬೀಗ ನೇತುಹಾಕಿದ್ದೆ ಅಂತ ತೋರಿಸಿಕೊಟ್ಟಿದ್ದು ಅದೇ.

ಅದಕ್ಕೂ ಮುಂಚೆ ಬಳಸುತ್ತಿದ್ದದ್ದು ಹೆಕ್ಸ್‌ಚಾಟ್. ಅದರಲ್ಲಿ ಟಿಎಲ್‌ಎಸ್, ಅಂದರೆ ಸರ್ವರ್‌ವರೆಗಿನ ಮಾತನ್ನು ಗೂಢಲಿಪಿಯಲ್ಲಿ ಕಳಿಸುವ ವ್ಯವಸ್ಥೆ, ಹಾಕುವುದು ಬಹಳ ಸುಲಭ. ನೆಟ್‌ವರ್ಕ್ ಪಟ್ಟಿ ತೆರೆದು, ಎಡಿಟ್ ಒತ್ತಿ, ಎಸ್‌ಎಸ್‌ಎಲ್ (ಟಿಎಲ್‌ಎಸ್‌ನ ಹಳೆಯ ಹೆಸರು) ಬಳಸು ಅನ್ನುವ ಚೌಕಕ್ಕೆ ಟಿಕ್ ಹಾಕಿದರೆ ಆಯಿತು. ಪೋರ್ಟ್ (ಸರ್ವರಿನ ಬಾಗಿಲಿನ ನಂಬರ್) ಮಾತ್ರ 6697 ಇರಬೇಕು. ಮರೆತು ಹಳೆಯ 6667 ಬಿಟ್ಟರೆ ‘ರಾಂಗ್ ವರ್ಷನ್ ನಂಬರ್’ ಅಂತ ಬೈಯುತ್ತದೆ. ವರ್ಷನ್ ಗಿರ್ಷನ್ ಏನೂ ಕೆಟ್ಟಿರುವುದಿಲ್ಲ. ಸರ್ವರ್ ಸಾದಾ ಅಕ್ಷರದಲ್ಲಿ ಮಾತಾಡಿರುತ್ತದೆ, ಇದು ಅದನ್ನೇ ಟಿಎಲ್‌ಎಸ್ ಅಂದುಕೊಂಡು ಓದಲು ಹೋಗಿ ಎಡವುತ್ತದೆ. ನಾನು ಇದಕ್ಕೆ ಒಂದು ಸಂಜೆಯನ್ನೇ ಹಾಳುಮಾಡಿಕೊಂಡಿದ್ದೆ.

ನನ್ನನ್ನು ಕೆಡಿಸಿದ್ದು ಅದಲ್ಲ, ಅದೇ ಕಿಟಕಿಯಲ್ಲಿರುವ ಇನ್ನೊಂದು ಚೌಕ: ಸರಿಯಿಲ್ಲದ ಸರ್ಟಿಫಿಕೇಟನ್ನೂ ಒಪ್ಪಿಕೋ ಅನ್ನುವುದು. ಸರ್ಟಿಫಿಕೇಟ್ ಅಂದರೆ ಸರ್ವರ್ ತಾನು ಯಾರು ಅಂತ ತೋರಿಸುವ ಗುರುತಿನ ಚೀಟಿ. ನಾನಿದ್ದ ಒಂದು ಸಣ್ಣ ನೆಟ್‌ವರ್ಕಿನವರು ಆಗ ತಾವೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್ ಇಟ್ಟಿದ್ದರು. ಹೆಕ್ಸ್‌ಚಾಟ್ ಒಪ್ಪಲಿಲ್ಲ. ನಾನು ಆ ಚೌಕಕ್ಕೆ ಟಿಕ್ ಹಾಕಿದೆ, ಒಳಗೆ ಹೋದೆ, ಮರೆತೆ. ಆಮೇಲೆ ಅವರು ಪುಕ್ಕಟೆಯಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಸರಿಯಾದ ಸರ್ಟಿಫಿಕೇಟಿಗೆ ಬದಲಾದರು. ನನ್ನ ಟಿಕ್ ಅಲ್ಲೇ ಇತ್ತು.

ಟಿಕ್ ಇದ್ದರೂ ಮಾತು ಗೂಢಲಿಪಿಯಲ್ಲೇ ಹೋಗುತ್ತದೆ, ಅದೇನೋ ನಿಜ. ಆದರೆ ಆ ತುದಿಯಲ್ಲಿ ಕೂತವರು ಯಾರು ಅಂತ ಯಾರೂ ಕೇಳುವುದಿಲ್ಲ. ನಡುವೆ ಒಬ್ಬ ನಿಂತು ‘ನಾನೇ ಸರ್ವರ್’ ಅಂದರೆ ಅವನಿಗೇ ಜೋಪಾನವಾಗಿ ಪಾಸ್‌ವರ್ಡ್ ಕೊಟ್ಟು ಬರುತ್ತೇವೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ, ಅಲ್ವಾ?

ಇದು ಗೊತ್ತಾಗಿದ್ದು ವೀಚಾಟ್ ಹಾಕಿದ ಮೇಲೆ. 2023ರ ಜೂನ್‌ನಲ್ಲಿ ಬಂದ 4.0 ಆವೃತ್ತಿಯಿಂದ ಅದು ನಾವೇನೂ ಹೇಳದಿದ್ದರೂ ಟಿಎಲ್‌ಎಸ್ ಮತ್ತು 6697 ಹಿಡಿಯುತ್ತದೆ. ಹಳೆಯ ವಿಳಾಸ ಕೊಟ್ಟೆ. ಸರ್ಟಿಫಿಕೇಟಿನಲ್ಲಿರುವ ಹೆಸರು ಈ ವಿಳಾಸಕ್ಕೆ ಹೊಂದುತ್ತಿಲ್ಲ ಅಂತ ಹೇಳಿ ಸಂಪರ್ಕ ಕಡಿದುಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಪ್ರಯತ್ನಿಸಿತು, ಮತ್ತೆ ಕಡಿದುಕೊಂಡಿತು. ನನಗೋ ಸಿಟ್ಟು. ಹೆಕ್ಸ್‌ಚಾಟ್‌ನಲ್ಲಿ ಎರಡು ವರ್ಷದಿಂದ ನಡೆಯುತ್ತಿದೆ, ಇದಕ್ಕೇನು ಕೊಬ್ಬು ಅಂದುಕೊಂಡೆ.

ಆಗಲೂ ಅಡ್ಡದಾರಿಯನ್ನೇ ಹಿಡಿದೆ. ವೀಚಾಟ್‌ನಲ್ಲಿ ಸರ್ಟಿಫಿಕೇಟಿನ ಫಿಂಗರ್‌ಪ್ರಿಂಟ್ (ಆ ಒಂದನ್ನೇ ಗುರುತಿಸುವ ಉದ್ದದ ಸಂಕೇತ) ಬರೆದಿಡುವ ಆಪ್ಷನ್ ಇದೆ. ಅದು ಹೊಂದಿದರೆ ಹೆಸರು ನೋಡದೆ ಒಳಗೆ ಬಿಡುತ್ತದೆ. ನೆಟ್‌ವರ್ಕಿನ ಆಪರೇಟರ್ ಹತ್ತಿರ ಕೇಳಿ ಅದನ್ನು ಹಾಕಿದೆ. ಚೆನ್ನಾಗಿಯೇ ನಡೆಯಿತು. ಕೆಲವು ವಾರದ ಮೇಲೆ ಒಂದು ಬೆಳಿಗ್ಗೆ ಮತ್ತೆ ಬಾಗಿಲು ಬಂದ್. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟಿನ ಆಯಸ್ಸು 90 ದಿನ. ಅದು ಹೊಸದಾಗಿತ್ತು, ಫಿಂಗರ್‌ಪ್ರಿಂಟೂ ಬದಲಾಗಿತ್ತು. ಮತ್ತೆ ಆಪರೇಟರನ್ನು ಕೇಳಿದಾಗ ಅವರು ಒಂದೇ ಪ್ರಶ್ನೆ ಹಾಕಿದರು: “ನೀವು ಇನ್ನೂ ಯಾಕೆ ಆ ಹಳೇ ವಿಳಾಸದಲ್ಲಿ ಬರ್ತಿದ್ದೀರಿ?” ಸರ್ಟಿಫಿಕೇಟ್ ಇದ್ದದ್ದು ಹೊಸ ವಿಳಾಸದ ಹೆಸರಿಗೆ. ಹೆಕ್ಸ್‌ಚಾಟ್ ಇಷ್ಟು ದಿನ ಸುಮ್ಮನಿದ್ದದ್ದು ಆ ಟಿಕ್‌ನಿಂದ. ಹೊಸ ವಿಳಾಸ ಹಾಕಿ ಫಿಂಗರ್‌ಪ್ರಿಂಟ್ ಅಳಿಸಿದೆ. ಅವತ್ತಿನಿಂದ ತಕರಾರಿಲ್ಲ.

ಎಂಐಆರ್‌ಸಿ ಅನ್ನುವ ಇನ್ನೊಂದು ಐಆರ್‌ಸಿ ಸಾಫ್ಟ್‌ವೇರನ್ನೂ ನಡುವೆ ನೋಡಿದ್ದೆ. ಅದರಲ್ಲಿ ಪೋರ್ಟಿನ ಮುಂದೆ ಒಂದು ಪ್ಲಸ್ ಗುರುತು ಹಾಕಬೇಕು, +6697 ಅಂತ. ನಾನು ಪ್ಲಸ್ ಬಿಟ್ಟು ಸುಮ್ನೆ ಕಾದು ಕೂತೆ. ಸರ್ವರ್ ಟಿಎಲ್‌ಎಸ್ ಮಾತಿಗೆ ಕಾಯುತ್ತಿರುತ್ತದೆ, ಇದು ಸಾದಾ ಮಾತಾಡುತ್ತಿರುತ್ತದೆ. ತಪ್ಪು ನನ್ನದೇ. ಆದರೆ 30 ದಿನ ಆದ ಮೇಲೆ ದುಡ್ಡು ಕೊಡಬೇಕು. ಹರಟೆಗೆ ದುಡ್ಡು ಕೊಡುವವನಲ್ಲ ನಾನು.

ಇರ್ಸಿ ಅನ್ನುವ ಮತ್ತೊಂದೂ ಒಳ್ಳೆಯದೇ. ನನ್ನ ಬೆರಳು ಅದಕ್ಕೆ ಒಗ್ಗಲಿಲ್ಲ.

ಪಾಸ್‌ವರ್ಡ್ ವಿಷಯ ಬಂದರೆ, ಹೆಕ್ಸ್‌ಚಾಟ್, ವೀಚಾಟ್ ಎರಡರಲ್ಲೂ ಎಸ್‌ಎಎಸ್‌ಎಲ್ ಅನ್ನುವ ಲಾಗಿನ್ ವಿಧಾನ ಇದೆ. ಚಾನೆಲ್‌ಗೆ ಸೇರುವ ಮುಂಚೆಯೇ ಗುರುತು ಒಪ್ಪಿಸಿ ಆಗಿರುತ್ತದೆ, ಆಮೇಲೆ ನಿಕ್‌ಸರ್ವ್‌ಗೆ (ಹೆಸರುಗಳನ್ನು ಕಾಯುವ ನೆಟ್‌ವರ್ಕಿನ ಬಾಟ್) ಬರೆಯುವ ಕಷ್ಟವಿಲ್ಲ. ಹೆಕ್ಸ್‌ಚಾಟ್ ಪಾಸ್‌ವರ್ಡನ್ನು ಫೈಲಿನಲ್ಲಿ ಹಾಗೇ ಓದಲು ಬರುವಂತೆ ಬರೆದಿಡುತ್ತದೆ. ವೀಚಾಟ್ ಕೂಡ ಹಾಗೇ ಬಿಟ್ಟರೆ ಅದನ್ನೇ ಮಾಡುತ್ತದೆ, ಆದರೆ ಸೆಕ್ಯೂರ್ ಅನ್ನುವ ಕಮಾಂಡ್ ಬಳಸಿ ಮುಚ್ಚಿಡಬಹುದು. ಶುರುಮಾಡುವಾಗಲೆಲ್ಲ ಒಂದು ಪಾಸ್‌ಫ್ರೇಸ್ ಕೇಳುತ್ತದೆ. ನಾನು ವೀಚಾಟನ್ನು ಒಂದು ಮೂಲೆಯ ಲಿನಕ್ಸ್ ಯಂತ್ರದಲ್ಲಿ ಟಿಮಕ್ಸ್ (ಕಿಟಕಿ ಮುಚ್ಚಿದರೂ ಒಳಗಿನ ಕೆಲಸ ನಿಲ್ಲದಂತೆ ಇಡುವ ಸಾಫ್ಟ್‌ವೇರ್) ಒಳಗೆ ತಿಂಗಳುಗಟ್ಟಲೆ ಓಡಿಸುತ್ತೇನೆ, ಹಾಗಾಗಿ ನನಗೆ ತೊಂದರೆ ಇಲ್ಲ. ದಿನಾ ಲ್ಯಾಪ್‌ಟಾಪ್ ಆರಿಸುವವರಿಗೆ ಬೇಜಾರಾಗಬಹುದು.

ಯಾವುದನ್ನು ಹಾಕಿದರೂ ಬೀಗ ಇರುವುದು ನಿಮ್ಮಿಂದ ಸರ್ವರ್‌ವರೆಗೆ ಮಾತ್ರ. ಸರ್ವರ್ ನಡೆಸುವವರು ಎಲ್ಲ ಓದಬಹುದು. ಚಾನೆಲ್‌ನಲ್ಲಿ ಒಬ್ಬರು 6667ರಲ್ಲಿ ಕೂತಿದ್ದರೂ ನಿಮ್ಮ ಮಾತು ಅವರಿಗೆ ಬೆತ್ತಲೆಯಾಗಿಯೇ ಹೋಗುತ್ತದೆ.

ವೀಚಾಟ್‌ನ ಬರೀ ಅಕ್ಷರದ ಕಪ್ಪು ಪರದೆ ಕಂಡರೆ ಹೆದರುವ ಗೆಳೆಯರಿಗೆ ನಾನು ಇವತ್ತೂ ಹೆಕ್ಸ್‌ಚಾಟ್ ಬೇಡ ಅನ್ನುವುದಿಲ್ಲ, ಆ ಎರಡನೇ ಚೌಕ ಖಾಲಿ ಇದ್ದರೆ ಸಾಕು. ಆದರೆ 2024ರ ಫೆಬ್ರವರಿಯಲ್ಲಿ ಬಂದ 2.16.2 ಅನ್ನೇ ಕೊನೆಯ ಬಿಡುಗಡೆ ಅಂತ ಅದನ್ನು ಮಾಡಿದವರು ಹೇಳಿದ್ದಾರೆ. ಟಿಎಲ್‌ಎಸ್‌ನಂಥ ವಿಷಯಕ್ಕೆ ರಿಪೇರಿ ನಿಂತ ಸಾಫ್ಟ್‌ವೇರ್ ನಂಬಲು ನನಗೆ ಅಳುಕು ಸ್ವಲ್ಪ ಜಾಸ್ತಿ.

ನನ್ನ ಯಂತ್ರದಿಂದ ಅದನ್ನು ತೆಗೆಯುವ ಮುಂಚೆ ಉಳಿದ ನೆಟ್‌ವರ್ಕ್‌ಗಳನ್ನೂ ಒಂದೊಂದಾಗಿ ತೆರೆದು ನೋಡಿದೆ. ಇನ್ನೂ ಮೂರು ಕಡೆ ಆ ಟಿಕ್ ಇತ್ತು. ಯಾವಾಗ ಹಾಕಿದ್ದೋ ಒಂದರದ್ದೂ ನೆನಪಿಲ್ಲ.