‘8ಕೆ’ ಎಂದು ಮಾರಿದ ಹಳೆಯ ರಿಸೀವರ್: ಮೈಸೂರಿನಲ್ಲಿ ಕೊಳ್ಳುವವರು ದಯವಿಟ್ಟು ಓದಿ

ಮೈಸೂರಿನಲ್ಲಿ ಹೋಂ ಥಿಯೇಟರ್ ರಿಸೀವರ್ (ಚಿತ್ರವನ್ನು ಟಿವಿಗೂ ಧ್ವನಿಯನ್ನು ಸ್ಪೀಕರ್‌ಗಳಿಗೂ ಕಳಿಸುವ ಉಪಕರಣ) ಕೊಳ್ಳಲು ಹೊರಟವರು, ಅದರಲ್ಲೂ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎಂಬ ಗೇಮಿಂಗ್ ಕನ್ಸೋಲನ್ನು ರಿಸೀವರ್ ಮೂಲಕ ಟಿವಿಗೆ ಜೋಡಿಸಬೇಕೆಂದಿರುವವರು, ಹಣ ಕೊಡುವ ಮೊದಲು ರಟ್ಟಿನ ಪೆಟ್ಟಿಗೆಯ ಮೇಲೆ ತಯಾರಿಕೆಯ ತಿಂಗಳು ಮತ್ತು ವರ್ಷ ಏನಿದೆ ಎಂದು ನೋಡಿ. ಅದರ ಮೇಲೆ ಬೇರೆ ಚೀಟಿ ಅಂಟಿಸಿದ್ದರೆ ಕಿತ್ತು ನೋಡಿ. ಕೀಳಲು ಬಿಡದಿದ್ದರೆ ಆ ಅಂಗಡಿಯಿಂದ ಎದ್ದು ಬನ್ನಿ. ನನಗಾದ ಮೋಸ ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ದೂರು ಕೊಟ್ಟಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ದಸರಾ ರಿಯಾಯಿತಿಯಲ್ಲಿ 85,000 ರೂಪಾಯಿ ಕೊಟ್ಟು ಈ ರಿಸೀವರ್ ತಂದೆವು. ಸ್ಪೀಕರ್‌ಗಳು, 120 ಹರ್ಟ್ಸ್‌ನ (ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸುವ) 4ಕೆ ಟಿವಿ, ಎಕ್ಸ್‌ಬಾಕ್ಸ್, ಎಲ್ಲವೂ ಕುವೆಂಪುನಗರದ ನಮ್ಮ ಮನೆಯಲ್ಲಿ ಮೊದಲೇ ಇದ್ದವು. ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಿಂದ 4ಕೆ ಚಿತ್ರ 120 ಹರ್ಟ್ಸ್‌ನಲ್ಲಿ ಈ ರಿಸೀವರ್ ದಾಟಿ ಟಿವಿಗೆ ಹೋಗುತ್ತದೆಯೇ? ಕನ್ಸೋಲಿನ ಹೆಸರನ್ನೂ ಹೇಳಿದ್ದೆ, 120 ಎಂಬ ಅಂಕಿಯನ್ನೂ ಹೇಳಿದ್ದೆ. ಮಾರಾಟಗಾರನ ಉತ್ತರ ಇನ್ನೂ ಕಿವಿಯಲ್ಲಿದೆ: “8ಕೆನೇ ಹೋಗುತ್ತೆ ಮೇಡಂ, 4ಕೆ ಯಾವ ಲೆಕ್ಕ?”

ಹೋಗಲಿಲ್ಲ. 4ಕೆ 60 ಹರ್ಟ್ಸ್‌ನಲ್ಲಿ ಚಿತ್ರ ಸರಿಯಾಗಿಯೇ ಬರುತ್ತಿತ್ತು. ಎಕ್ಸ್‌ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ 120 ಆರಿಸಿದ ತಕ್ಷಣ ಪರದೆ ಪೂರ್ತಿ ಕಪ್ಪಾಗಿ, ಕೆಲವು ಕ್ಷಣಗಳ ನಂತರ ತಾನಾಗಿಯೇ ಹಿಂದಿನ ಸ್ಥಿತಿಗೆ ಮರಳುತ್ತಿತ್ತು. ರಿಸೀವರಿನ ಹಿಂಭಾಗದಲ್ಲಿ ‘8ಕೆ’ ಎಂದು ಗುರುತಿರುವ ಕಿಂಡಿಗೇ ಕೇಬಲ್ ಹಾಕಿದ್ದೆವು. ರಿಸೀವರಿನ ಮೆನುವಿನಲ್ಲಿ ಸಿಗ್ನಲ್ ಮಾದರಿಯನ್ನು ಅತಿ ಹೆಚ್ಚಿನದಕ್ಕೆ ಇಟ್ಟಿದ್ದೆವು, ಟಿವಿಯಲ್ಲಿಯೂ ಆ ಕಿಂಡಿಯ ಪೂರ್ಣ ಸಾಮರ್ಥ್ಯವನ್ನು ತೆರೆದಿದ್ದೆವು. ಕೊನೆಗೆ ರಿಸೀವರನ್ನು ನಡುವಿನಿಂದ ತೆಗೆದು, ಅದೇ ಕೇಬಲ್ಲಿನಲ್ಲಿ ಎಕ್ಸ್‌ಬಾಕ್ಸನ್ನು ನೇರವಾಗಿ ಟಿವಿಗೆ ಜೋಡಿಸಿದಾಗ 4ಕೆ 120 ಹರ್ಟ್ಸ್ ಯಾವ ತಕರಾರೂ ಇಲ್ಲದೆ ಬಂತು. ಕನ್ಸೋಲ್ ಸರಿ, ಟಿವಿ ಸರಿ, ಕೇಬಲ್ ಸರಿ. ಉಳಿದದ್ದು ರಿಸೀವರ್ ಒಂದೇ. ಇದು ಯಾರಿಗಾದರೂ ಅರ್ಥವಾಗುವ ವಿಷಯ.

ಅಂಗಡಿಯವರಿಗೆ ಮಾತ್ರ ಅರ್ಥವಾಗಲಿಲ್ಲ. ಮೊದಲು “ಕೇಬಲ್ ಪ್ರಾಬ್ಲಮ್ ಮೇಡಂ” ಎಂದು ಹೇಳಿ 4,500 ರೂಪಾಯಿಯ ಕೇಬಲ್ಲೊಂದನ್ನು ಕೊಟ್ಟು ಕಳಿಸಿದರು. ಹೊದಿಕೆಯ ಮೇಲೆ ‘8ಕೆ’ ಎಂದು ದಪ್ಪ ಅಕ್ಷರವಿತ್ತೇ ಹೊರತು, ‘ಅಲ್ಟ್ರಾ ಹೈ ಸ್ಪೀಡ್ ಎಚ್‌ಡಿಎಂಐ’ (ಚಿತ್ರ ಮತ್ತು ಧ್ವನಿ ಸಾಗಿಸುವ ಎಚ್‌ಡಿಎಂಐ ಕೇಬಲ್‌ಗಳಲ್ಲಿ ಅತಿ ವೇಗದ ದರ್ಜೆ) ಎಂದು ಪ್ರಮಾಣೀಕರಿಸಿದ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದಾದ ಚೀಟಿ ಎಲ್ಲಿಯೂ ಇರಲಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಪೆಟ್ಟಿಗೆಯಲ್ಲೇ ಅಂಥ ಅಲ್ಟ್ರಾ ಹೈ ಸ್ಪೀಡ್ ಕೇಬಲ್ ಬರುತ್ತದೆ, ಅದರಲ್ಲೇ ಪರೀಕ್ಷೆ ಮಾಡಿದ್ದೇವೆ ಎಂದು ನಾನು ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಹೊಸ ಕೇಬಲ್ಲಿನಲ್ಲಿಯೂ ಅದೇ ಕಪ್ಪು ಪರದೆ. ನಂತರ “ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ” ಎಂದರು, ಮಾಡಿದೆವು. ಆಮೇಲೆ “ಟಿವಿ ಪ್ಯಾನೆಲ್ ಸಪೋರ್ಟ್ ಮಾಡ್ತಿಲ್ಲ ಅನ್ಸುತ್ತೆ” ಎಂದರು. ನೇರ ಜೋಡಿಸಿದಾಗ ಬರುವ ಚಿತ್ರದ ವಿಡಿಯೋ ಕಳಿಸಿದೆ, ಅದಕ್ಕೆ ಉತ್ತರವೇ ಇಲ್ಲ. ಮತ್ತೊಮ್ಮೆ ಫೋನ್ ಮಾಡಿದಾಗ ಬಂದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: “ಸಾರ್ ಮನೇಲಿದ್ರೆ ಫೋನ್ ಕೊಡಿ ಮೇಡಂ, ಅವರಿಗೆ ಅರ್ಥ ಮಾಡಿಸ್ತೀನಿ.” ಆ ರಿಸೀವರಿಗೆ ಹಣ ಕೊಟ್ಟವಳು ನಾನು, ಜೋಡಿಸಿದವಳು ನಾನು, ಸಮಸ್ಯೆ ಎಲ್ಲಿದೆ ಎಂದು ಒಂದೊಂದೇ ತಂತಿ ಬಿಚ್ಚಿ ಕಂಡುಕೊಂಡವಳೂ ನಾನು. ಸಾರ್‌ಗೆ ಯಾವುದನ್ನು ಅರ್ಥ ಮಾಡಿಸುತ್ತಿದ್ದರು?

ಅತಿ ಹೆಚ್ಚು ಅವಮಾನವಾದದ್ದು ಅಂಗಡಿಯಲ್ಲಿ. ರಿಸೀವರನ್ನು ಹೊತ್ತುಕೊಂಡು ಮಗನೊಡನೆ ಅಲ್ಲಿಗೆ ಹೋದಾಗ, ಅವರು ಅದನ್ನು ತಮ್ಮ ಪ್ಲೇಸ್ಟೇಷನ್ 5 ಎಂಬ ಬೇರೆ ಕನ್ಸೋಲಿಗೆ ಜೋಡಿಸಿ, ಪರದೆಯ ಮೇಲೆ 4ಕೆ 120 ಹರ್ಟ್ಸ್ ಎಂದು ಬರುವುದನ್ನು ತೋರಿಸಿ, ಇತರ ಗ್ರಾಹಕರಿಗೆ ಕೇಳುವಂತೆ, “ನೋಡಿ, ನಮ್ಮ ಮಾಲು ಪಕ್ಕಾ ಇದೆ. ನಿಮ್ಮ ಎಕ್ಸ್‌ಬಾಕ್ಸೇ ಹೋಗಿದೆ” ಎಂದರು. ಎಕ್ಸ್‌ಬಾಕ್ಸ್ ಜೋಡಿಸಿ ತೋರಿಸಿ ಎಂದರೆ, “ಅದನ್ನ ನಾವು ಇಟ್ಕೊಳಲ್ಲ ಮೇಡಂ” ಎಂದರು. ಸುತ್ತ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಣ್ಣಾರೆ ಕಂಡ ಚಿತ್ರದ ಎದುರು ನನ್ನ ಬಳಿ ಉತ್ತರವಿರಲಿಲ್ಲ, ಆ ಪೆಟ್ಟಿಗೆಯನ್ನು ಮತ್ತೆ ಹೊತ್ತುಕೊಂಡು ಬಂದೆವು.

ಉತ್ತರ ಇತ್ತು. ಮಗ ಅದನ್ನು ಅದೇ ರಾತ್ರಿ ಹುಡುಕಿದ. 2020ರಲ್ಲಿ ಎಚ್‌ಡಿಎಂಐ 2.1 (ಎಚ್‌ಡಿಎಂಐ ಜೋಡಣೆಯ ಹೆಚ್ಚು ವೇಗದ ಆವೃತ್ತಿ) ಎಂದು ಮಾರುಕಟ್ಟೆಗೆ ಬಂದ ಮೊದಲ ತಲೆಮಾರಿನ ಹಲವು ರಿಸೀವರ್‌ಗಳ ಎಚ್‌ಡಿಎಂಐ ಚಿಪ್ಪಿನಲ್ಲೇ ದೋಷವಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಜರ್ಮನಿಯ ತಂತ್ರಜ್ಞಾನ ಪತ್ರಿಕೆಯೊಂದು ಅದನ್ನು ಬಯಲಿಗೆ ತಂದಿತ್ತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಿಂದಲೋ ಎನ್‌ವಿಡಿಯಾದ 30ರ ಸರಣಿಯ ಗ್ರಾಫಿಕ್ಸ್ ಕಾರ್ಡಿನಿಂದಲೋ 4ಕೆ 120 ಹರ್ಟ್ಸ್ ಸಿಗ್ನಲ್ ಕಳಿಸಿದರೆ ಈ ರಿಸೀವರ್‌ಗಳು ಕಪ್ಪು ಪರದೆ ತೋರಿಸುತ್ತಿದ್ದವು. ಎಕ್ಸ್‌ಬಾಕ್ಸ್ ಸೆಕೆಂಡಿಗೆ 40 ಗಿಗಾಬಿಟ್‌ವರೆಗೆ ಕಳಿಸಿದರೆ ಪ್ಲೇಸ್ಟೇಷನ್ 5 ಕಳಿಸುವುದು 32 ಗಿಗಾಬಿಟ್‌ವರೆಗೆ ಮಾತ್ರ. ಪ್ಲೇಸ್ಟೇಷನ್‌ನ ಸಿಗ್ನಲ್ ಅದೇ ರಿಸೀವರಿನಲ್ಲಿ ಸರಾಗವಾಗಿ ದಾಟುತ್ತಿತ್ತು. ದೋಷ ಯಂತ್ರಾಂಶದ್ದಾದ್ದರಿಂದ ಸಾಫ್ಟ್‌ವೇರ್ ಅಪ್‌ಡೇಟಿನಿಂದ ಅದು ಸರಿಹೋಗುವಂಥದ್ದಲ್ಲ. 2021ರಲ್ಲಿ ಇಂಥ ರಿಸೀವರ್ ತಯಾರಿಸಿದ ಒಂದು ಕಂಪನಿಯವರು ನಡುವೆ ಜೋಡಿಸುವ ಪ್ರತ್ಯೇಕ ಅಡಾಪ್ಟರನ್ನೂ ಇನ್ನೊಂದು ಕಂಪನಿಯವರು ಒಳಗಿನ ಬೋರ್ಡು ಬದಲಿಸಿಕೊಡುವುದನ್ನೂ ಘೋಷಿಸಿದ್ದರು. ಅಂದರೆ, ಎಲ್ಲರ ಎದುರು ನನ್ನ ಬಾಯಿ ಮುಚ್ಚಿಸಿದ ಆ ಪ್ರದರ್ಶನದಿಂದ ಏನೂ ಸಾಬೀತಾಗಿರಲಿಲ್ಲ.

ಮರುದಿನ ಅಟ್ಟದಿಂದ ಖಾಲಿ ಪೆಟ್ಟಿಗೆ ಇಳಿಸಿದೆ. ತಯಾರಿಕೆಯ ವಿವರ ಇರಬೇಕಾದ ಜಾಗದಲ್ಲಿ ಅಂಗಡಿಯ ದಸರಾ ರಿಯಾಯಿತಿಯ ಚೀಟಿ ಇತ್ತು. ಒದ್ದೆ ಬಟ್ಟೆಯಿಂದ ನೆನೆಸಿ ನಿಧಾನವಾಗಿ ಎಬ್ಬಿಸಿದಾಗ ಕೆಳಗೆ 2020 ಎಂಬ ವರ್ಷ ಕಾಣಿಸಿತು. ಚೀಟಿ ಅಕಸ್ಮಾತ್ತಾಗಿ ಅಲ್ಲಿಗೇ ಬಿತ್ತೆಂದು ನಾನು ನಂಬುವುದಿಲ್ಲ, ಪೆಟ್ಟಿಗೆಯ ಆರು ಮಗ್ಗುಲಲ್ಲಿ ಬೇಕಾದಷ್ಟು ಜಾಗವಿತ್ತು. ಕೈ ನಡುಗುತ್ತಿತ್ತು, ಅಷ್ಟು ಕೋಪ ಬಂದಿತ್ತು. ಫೋಟೋ ತೆಗೆದು ಮಾಲೀಕರಿಗೆ ಕಳಿಸಿದೆ. ಅದುವರೆಗೆ ವಾಟ್ಸಾಪಿನಲ್ಲಿ ನೀಲಿ ಗೆರೆಗಳನ್ನಷ್ಟೇ ತೋರಿಸುತ್ತಿದ್ದವರು ಕೂಡಲೇ ಫೋನ್ ಮಾಡಿ ಹೇಳಿದ್ದು ಇದು: “ಅದು ಹಳೇ ಲಾಟ್ ಮೇಡಂ, ಆ ಲಾಟ್‌ನಲ್ಲಿ ಎಕ್ಸ್‌ಬಾಕ್ಸ್ ಪ್ರಾಬ್ಲಮ್ ಇರೋದು ಎಲ್ರಿಗೂ ಗೊತ್ತಿರೋ ವಿಷಯ. ಅದಕ್ಕೇ ಅಲ್ವಾ ಆ ರೇಟಿಗೆ ಕೊಟ್ಟಿದ್ದು?”

ಎಲ್ಲರಿಗೂ ಗೊತ್ತಿರುವ ವಿಷಯ! ಗೊತ್ತಿದ್ದೂ ಕೇಬಲ್ ಮಾರಿದರು. ಗೊತ್ತಿದ್ದೂ ಅಪ್‌ಡೇಟ್ ಮಾಡಿಸಿದರು. ಗೊತ್ತಿದ್ದೂ ನಮ್ಮ ಟಿವಿಯ ಮೇಲೆ, ನಮ್ಮ ಎಕ್ಸ್‌ಬಾಕ್ಸಿನ ಮೇಲೆ ತಪ್ಪು ಹೊರಿಸಿದರು. ಗೊತ್ತಿದ್ದೇ ಪ್ಲೇಸ್ಟೇಷನ್ ಜೋಡಿಸಿ ಜನರ ಎದುರು ನನ್ನನ್ನು ತಲೆತಗ್ಗಿಸಿ ನಿಲ್ಲುವಂತೆ ಮಾಡಿದರು. ಹಳೆಯ ಸರಕು, ಇಂಥ ಕೊರತೆಯಿದೆ, ಅದಕ್ಕಾಗಿ ಬೆಲೆ ಕಡಿಮೆ ಎಂದು ಮೊದಲೇ ಹೇಳಿದ್ದರೆ ಕೊಳ್ಳುವುದೋ ಬಿಡುವುದೋ ನನ್ನ ಇಷ್ಟವಾಗುತ್ತಿತ್ತು. ಪ್ಲೇಸ್ಟೇಷನ್ ಇರುವ ಮನೆಯವರು ಅದನ್ನು ಸಂತೋಷದಿಂದ ಕೊಂಡುಕೊಳ್ಳುತ್ತಿದ್ದರು.

ಈಗಾಗಲೇ ಇಂಥ ರಿಸೀವರ್ ತಂದು ಒದ್ದಾಡುತ್ತಿರುವವರು ಕನ್ಸೋಲನ್ನು ನೇರವಾಗಿ ಟಿವಿಗೆ ಜೋಡಿಸಿ, ಟಿವಿಯ ‘ಇಆರ್ಕ್’ ಎಂದು ಗುರುತಿರುವ ಕಿಂಡಿಯಿಂದ ರಿಸೀವರಿಗೆ ಇನ್ನೊಂದು ಕೇಬಲ್ ಎಳೆದು, ಎರಡರ ಮೆನುವಿನಲ್ಲಿಯೂ ಇಆರ್ಕ್ ಆನ್ ಮಾಡಿದರೆ, ಚಿತ್ರ ಟಿವಿಗೆ ಹೋಗಿ ಧ್ವನಿ ಮಾತ್ರ ರಿಸೀವರಿಗೆ ಬರುತ್ತದೆ. ಸದ್ಯಕ್ಕೆ ನಾವು ಮಾಡಿಕೊಂಡಿರುವುದೂ ಇದನ್ನೇ. ಕೆಲವು ಟಿವಿಗಳಲ್ಲಿ 120 ಹರ್ಟ್ಸ್ ಒಪ್ಪುವ ಕಿಂಡಿಗಳು ಎರಡೇ ಇದ್ದು, ಅವುಗಳಲ್ಲಿ ಒಂದು ಇಆರ್ಕ್‌ಗೇ ಹೋಗುತ್ತದೆ. ಎರಡು ಕನ್ಸೋಲ್ ಇರುವವರಿಗೆ ಆಗ ಕಷ್ಟ. ಕೊಳ್ಳಲಿರುವವರು ‘8ಕೆ’ ಅಥವಾ ‘ಎಚ್‌ಡಿಎಂಐ 2.1’ ಎಂಬ ಅಕ್ಷರಗಳನ್ನು ನಂಬಬೇಡಿ. 2.1ರ ಹೆಚ್ಚಿನ ಸೌಲಭ್ಯಗಳು ಐಚ್ಛಿಕ. ಕಡಿಮೆ ಸಾಮರ್ಥ್ಯದ ಉಪಕರಣದ ಮೇಲೂ ಆ ಅಂಕಿ ಇರಬಹುದು. ನಿಮ್ಮ ಕನ್ಸೋಲಿನ ಹೆಸರು ಹೇಳಿ, 4ಕೆ 120 ಹರ್ಟ್ಸ್ ದಾಟುತ್ತದೆ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬಾಯಿಮಾತಿನ ಭರವಸೆಗೆ ಆ ಅಂಗಡಿಯಲ್ಲಿ ಎಷ್ಟು ಬೆಲೆಯಿದೆ ಎಂದು ನಾನು ನೋಡಿಯಾಯಿತು.

ಹಣ ವಾಪಸ್ ಕೇಳಿದ್ದಕ್ಕೆ “ಬಿಲ್‌ನಲ್ಲಿ ನೋ ರಿಟರ್ನ್ ಅಂತ ಇದೆ ನೋಡಿ” ಎಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ ಮೇಲೆ ಮಾತು ಬದಲಾಗಿ, “ಹೊಸ ಮಾಡೆಲ್ ಕೊಡ್ತೀವಿ, ಡಿಫರೆನ್ಸ್ ಕಟ್ಟಿ” ಎಂಬಲ್ಲಿಗೆ ಬಂದಿದೆ. ನಾನು ಒಪ್ಪಿಲ್ಲ. ರಿಸೀವರಿನ ಹಣವೂ ಆ ಕೇಬಲ್ಲಿನ ಹಣವೂ ಪೂರ್ತಿ ಬರಬೇಕು. ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ದಸರಾದಲ್ಲಿ ಇದೇ ರಿಯಾಯಿತಿಯಲ್ಲಿ ಇದೇ ರೀತಿಯ ಪೆಟ್ಟಿಗೆ ಕೊಂಡವರು ಯಾರಾದರೂ ಇದ್ದರೆ ಚೀಟಿ ಕಿತ್ತು ವರ್ಷ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ, ನೀವೂ ದೂರು ಕೊಡಿ.